ಹೆಗ್ಗೋಡೋ, ಬಿ.ಇಡಿ.ಯೋ?

ಸಾಗರ

ಪುಟ್ಟಿ,

ನಿನ್ನ ಕಾಗದ ಕೈಸೇರಿದ ಮರುದಿನವೇ ನಿನ್ನಮ್ಮನ ಫೋನೂ ಬಂತು. ನೀನು ಹೆಗ್ಗೋಡಿನ ನೀನಾಸಮ್‌ ನಾಟಕ ಶಾಲೆಗೆ ಅರ್ಜಿ ತುಂಬಿದ್ದೀಯಂತೆ, ಅವಳು ಬಿ.ಇಡಿ. ಅರ್ಜಿ ಹಿಡಿದು ಕೂತಿದ್ದಾಳಂತೆ. "ನೀವಾದರೂ ಬುದ್ಧಿ ಹೇಳಿ ಭಾವ" ಅಂದಳು. ಆಯುಷ್ಯವೆಲ್ಲ ಮೇಷ್ಟ್ರಾಗಿದ್ದವನು ಬಿ.ಇಡಿ. ಪರವಾಗಿಯೇ ಮಾತಾಡುತ್ತಾನೆ ಅಂತ ಅವಳ ಲೆಕ್ಕಾಚಾರ.

ನಿನ್ನ ಕಾಗದದ ಒಂದು ಮಾತು ನನಗೆ ಹಿಡಿಸಲಿಲ್ಲ. ನಾಲ್ಕು ಜನಕ್ಕೆ ಸ್ಫೂರ್ತಿಯಾಗುವಂಥ ಕೆಲಸ ಮಾಡಬೇಕು ಅಂತ ಬರೆದಿದ್ದೀಯಲ್ಲ, ಅದು. ಸ್ಫೂರ್ತಿ ಕೊಟ್ಟೇ ತೀರುತ್ತೇನೆಂದು ಪಣ ತೊಟ್ಟ ಮೇಷ್ಟ್ರ ಕ್ಲಾಸಿನಲ್ಲಿ ಮಕ್ಕಳು ಆಕಳಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಪಾತ್ರ ಬಿಟ್ಟು ಉಪದೇಶಕ್ಕೆ ನಿಂತ ನಟನ ಪಾಡೂ ಅದೇ. ಯಾರಿಗೆ ಯಾವುದು ನಾಟುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. 1972ರಲ್ಲಿ 'ಬಂಗಾರದ ಮನುಷ್ಯ' ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಇಳಿದವರ ಕತೆಯನ್ನು ಈಗಲೂ ಹೇಳುತ್ತಾರೆ. ರಾಜ್‌ಕುಮಾರ್ ತೆರೆಯ ಮೇಲೆ ಕೃಷಿ ಇಲಾಖೆಯವರಂತೆ ಪಾಠ ಹೇಳಿದ್ದರೆ ಒಬ್ಬನೂ ನೇಗಿಲು ಮುಟ್ಟುತ್ತಿರಲಿಲ್ಲ. ಅವರು ಆ ಸಿನಿಮಾದ ರಾಜೀವಪ್ಪನೇ ಆಗಿ ನಿಂತರು, ಅಷ್ಟೆ.

ಇನ್ನು ನಿನ್ನಮ್ಮನ ವಿಚಾರ. ನಾಟಕ ಒಂದು ದಾರಿ, ಮೇಷ್ಟ್ರಗಿರಿ ಇನ್ನೊಂದು ದಾರಿ ಅಂದುಕೊಂಡಿದ್ದಾಳೆ. ನಮ್ಮ ಕಡೆ ಅವೆರಡೂ ಯಾವತ್ತೂ ಅಷ್ಟು ದೂರ ಇದ್ದದ್ದೇ ಇಲ್ಲ. ತಾಳಮದ್ದಳೆ ನೋಡು: ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಕೂತಲ್ಲೇ ಅರ್ಥ ಹೇಳಬೇಕು. ಹಾಗೆ ಹೇಳುವವರಲ್ಲಿ ಎಷ್ಟೋ ಮಂದಿ ಹಗಲು ಶಾಲೆ, ಕಾಲೇಜಿನಲ್ಲಿ ಪಾಠ ಮಾಡಿ ಬಂದವರೇ. ನಾಟಕದ ಬಿ.ವಿ. ಕಾರಂತರನ್ನೇ ನೋಡು: ಬಂಟ್ವಾಳದ ಕಡೆಯ ಹುಡುಗ, ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಅವರನ್ನು ಕಾಶಿಗೆ ಕಳಿಸಿ ಎಂ.ಎ. ಓದಿಸಿದ್ದು ಯಾವ ಶಾಲೆಯ ಹೆಡ್‌ಮಾಸ್ಟರೂ ಅಲ್ಲ, ಕಂಪನಿಯ ಯಜಮಾನ ವೀರಣ್ಣನವರು! ಅದೇ ಕಾರಂತರು ಮುಂದೆ ದೆಹಲಿಯ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು, ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕಸಂಸ್ಥೆ ಕಟ್ಟಿದರು. ಅವರ ಪತ್ನಿ ಪ್ರೇಮಾ ಕಾರಂತರು ಶಾಲೆಯ ಟೀಚರಾಗಿದ್ದವರು, ಆಮೇಲೆ ಮಕ್ಕಳ ನಾಟಕವನ್ನೇ ಹಚ್ಚಿಕೊಂಡರು.

ಆ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು ಜೈಲಿಗೆ ಹೋಗಿ ಕೈದಿಗಳಿಂದ ನಾಟಕ ಮಾಡಿಸಿದರು. ಮ್ಯಾಕ್‌ಬೆತ್‌ನ ಕತೆಯನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡದ ಮಣ್ಣಿಗೆ ತಂದ 'ಮಾರನಾಯಕ' ಅವುಗಳಲ್ಲೊಂದು. ಯೋಚಿಸು ಪುಟ್ಟಿ. ಕೊಲೆ ಕೇಸಿನಲ್ಲಿ ಒಳಗೆ ಬಂದವನೊಬ್ಬ, ಗದ್ದುಗೆಗಾಗಿ ಕೊಂದು ನಿದ್ದೆಗೆಟ್ಟವನ ಮಾತನ್ನು ಬಾಯಿಪಾಠ ಮಾಡಬೇಕು, ದಿನಾ ರಿಹರ್ಸಲ್‌ನಲ್ಲಿ ಅದನ್ನು ಗಟ್ಟಿಯಾಗಿ ಆಡಬೇಕು. ಕೋರ್ಟಿನಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಮಾತು ಅವನಿಗೆ ಕೇಳದೆ ಇರುತ್ತದೆಯೇ? ಅಲ್ಲಿ ನಟನೆ ಎಷ್ಟು, ಪಾಠ ಎಷ್ಟು ಅಂತ ಗೆರೆ ಎಳೆಯುವ ಜಾಣತನ ನನಗಿಲ್ಲ.

ನನ್ನ ಕ್ಲಾಸಿನದೇ ಒಂದು ಹೇಳುತ್ತೇನೆ. ಹತ್ತನೆಯ ತರಗತಿಗೆ ಕುಮಾರವ್ಯಾಸನ ಕರ್ಣಭೇದನದ ಪದ್ಯಗಳು. ಅರ್ಥ ಹೇಳಿ ಸುಸ್ತಾಗಿ, ಒಬ್ಬನನ್ನು ಕೃಷ್ಣನಾಗಿ ನಿಲ್ಲಿಸಿದೆ, ಹಿಂದಿನ ಬೆಂಚಿನವನನ್ನು ಕರ್ಣ ಮಾಡಿದೆ. ಪಠ್ಯಪುಸ್ತಕ ಕೆಳಗಿಡಿ, ನಿಮ್ಮ ಮಾತಲ್ಲೇ ಆಡಿ ಅಂದೆ. ಕೃಷ್ಣ ಜೋರಾಗಿದ್ದ: "ನೀನು ಕುಂತಿ ಮಗ ಕಣೋ, ಬಂದುಬಿಡು, ರಾಜ್ಯ ನಿಂದೇ." ಕರ್ಣ ಚಡ್ಡಿಯ ಹೊಲಿಗೆ ಕೀಳುತ್ತ ಸುಮ್ಮನೆ ನಿಂತ. ಆಮೇಲೆ, "ಹಾಲು ಕಾಸಿ ಕುಡಿಸಿದೋಳು ಇಲ್ಲಿದ್ದಾಳಲ್ಲ, ಅವಳಿಗೇನು ಹೇಳ್ಲಿ?" ಅಂದ. ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗ ಅವನು. ಕೃಷ್ಣನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ ಅಷ್ಟಕ್ಕಷ್ಟೇ, ಆ ಮಾತು ಬೇರೆ. ಅವತ್ತು ನಾನು ಮಾಡಿದ್ದು ಇಷ್ಟೇ: ಅವನು ಬಾಯಿ ತೆರೆಯುವವರೆಗೆ ಕಾದೆ. ಎದುರಿನವರ ಮಾತು ಮುಗಿಯುವ ಮುಂಚೆ ಬಾಯಿ ಹಾಕದೆ ಕಾಯುವುದನ್ನು ಬಿ.ಇಡಿ.ಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ರಂಗದ ಮೇಲೆ ಅದಿಲ್ಲದೆ ಒಂದು ದೃಶ್ಯವೂ ನಡೆಯುವುದಿಲ್ಲ.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ನಾಟಕವೊಂದನ್ನೇ ನೆಚ್ಚಿಕೊಂಡು ಸಂಸಾರ ತೂಗಿಸುವುದು ಕಷ್ಟ, ನಿನ್ನಮ್ಮನ ಹೆದರಿಕೆ ಸುಳ್ಳಲ್ಲ. ಅತಿಥಿ ಶಿಕ್ಷಕರಾಗಿ ದುಡಿಯುವವರ ಸಂಬಳ ಕೇಳಿದರೆ ಮಾತ್ರ ಅವಳು ಬಿ.ಇಡಿ.ಯನ್ನೂ ಇಷ್ಟು ನಂಬಲಿಕ್ಕಿಲ್ಲ. ಹೆಗ್ಗೋಡಿನದು ಒಂದು ವರ್ಷದ ಕೋರ್ಸು. 1980ರಿಂದ ಅಲ್ಲಿ ಕಲಿತು ಹೊರಬಂದವರು ಎಲ್ಲರೂ ನಟರೇ ಆಗಲಿಲ್ಲ. ಊರೂರಲ್ಲಿ ಶಾಲೆ ಮಕ್ಕಳಿಗೆ ನಾಟಕ ಕಲಿಸುತ್ತ ಬದುಕು ಕಟ್ಟಿಕೊಂಡವರೂ ಇದ್ದಾರೆ. ಆದ್ದರಿಂದ ಮೊದಲು ಹೆಗ್ಗೋಡು, ಆಮೇಲೆ ಬಿ.ಇಡಿ. ಇದು ನನ್ನ ತೀರ್ಮಾನ. ಅಡಿಗೆಮನೆಯಿಂದ ನಿನ್ನ ದೊಡ್ಡಮ್ಮನೂ ಹೂಂಗುಟ್ಟಿದ್ದಾಳೆ.

ನಿನ್ನಮ್ಮನ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಜಗಳಕ್ಕೆ ಹೋಗಬೇಡ. ಸಂದರ್ಶನಕ್ಕೆ ಹಿಂದಿನ ದಿನವೇ ಇಲ್ಲಿಗೆ ಬಂದುಬಿಡು, ಬೆಳಿಗ್ಗೆ ಬಸ್ಸಿಗೆ ಹತ್ತಿಸುತ್ತೇನೆ. ಮಾರ್ಕ್ಸ್‌ಕಾರ್ಡಿನ ಜೆರಾಕ್ಸ್ ಎರಡೆರಡು ಪ್ರತಿ ಇರಲಿ, ಕೊಡೆ ಮರೆಯಬೇಡ.

ಇತಿ,
ನಿನ್ನ ದೊಡ್ಡಪ್ಪ