ದಾಯಾದಿ ಯುದ್ಧಗಳು ಮತ್ತು ನಾವು ಹೇಳುವ ಕತೆಗಳು

ಭೂಮಿಯ ಮೇಲೆ ಮೊಟ್ಟಮೊದಲು ಮನುಷ್ಯರಕ್ತ ಹರಿದುದು ಒಂದೇ ತಂದೆಯ ಇಬ್ಬರು ಮಕ್ಕಳ ನಡುವೆ. ಪವಿತ್ರ ಕುರ್‌ಆನಿನ ಅಲ್‌ಮಾಇದಃ ಅಧ್ಯಾಯವು ಆದಮ್(ಅ)ರ ಪುತ್ರರ ಈ ಘಟನೆಯನ್ನು ವಿವರಿಸುತ್ತದೆ. ಅದನ್ನು ಆರಂಭಿಸುವ ಮೊದಲೇ ಅಲ್ಲಾಹನು ತನ್ನ ಪ್ರವಾದಿಗೆ(ಸ) ಒಂದು ಆದೇಶ ನೀಡುತ್ತಾನೆ: ಆ ವೃತ್ತಾಂತವನ್ನು ಜನರಿಗೆ ಸತ್ಯದೊಂದಿಗೆ ಓದಿ ಹೇಳಬೇಕು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊಲೆ ಮಾಡುವುದು ಪಾಪವೆಂದು ಕಲಿಸುವುದರ ಜೊತೆಗೆ, ಕೊಲೆಯ ಕತೆಯನ್ನು ಹೇಗೆ ಹೇಳಬೇಕೆಂಬುದನ್ನೂ ಕುರ್‌ಆನ್ ಕಲಿಸುತ್ತದೆ. ಸಹೋದರರ ಜಗಳದ ಕತೆಯನ್ನು ಸತ್ಯ ಬಿಟ್ಟು ಹೇಳಿದರೆ ಆ ಕತೆಯೇ ಇನ್ನೊಂದು ಜಗಳಕ್ಕೆ ಬೀಜವಾಗುತ್ತದೆ.

ನಮ್ಮ ಹಾಸನ ಜಿಲ್ಲೆಯ ಮುಸ್ಲಿಮ್ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ಶಾಲೆಯ ಪ್ರವಾಸಕ್ಕೆ ಹಳೇಬೀಡಿಗೆ ಹೋಗಿ ಬಂದ ಮಗು ಸಂಜೆ ಮನೆಯಲ್ಲಿ, “ಅಪ್ಪಾ, ಇದನ್ನು ಹಾಳು ಮಾಡಿದವರು ನಮ್ಮವರಂತೆ, ಹೌದಾ?” ಎಂದು ಕೇಳಬಹುದು. ಆಗ ತಂದೆ ತಾಯಿ ಏನು ಹೇಳಬೇಕು? ಗದರಿಸಿ ಸುಮ್ಮನಾಗಿಸುವುದು ಉತ್ತರವಲ್ಲ. “ಎಲ್ಲ ಸುಳ್ಳು” ಎನ್ನುವುದು ಸತ್ಯವಲ್ಲ. ತಲೆ ತಗ್ಗಿಸಿ ಕೂರುವುದು ನ್ಯಾಯವಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಹಳೇಬೀಡಿನ ಕತೆಯನ್ನು ಮೊದಲಿನಿಂದ ತಿಳಿಯಬೇಕು.

ಹಳೇಬೀಡು: ಅರ್ಧಕ್ಕೇ ನಿಂತ ಕತೆ

ಬೀಡು ಎಂದರೆ ನೆಲೆ. ಹೊಯ್ಸಳರ ಕಾಲದಲ್ಲಿ ಈ ಊರಿನ ಹೆಸರು ದೋರಸಮುದ್ರ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1220ರ ಹೊತ್ತಿಗೆ, ಅರಸೀಕೆರೆಯಲ್ಲಿ ಶಿವಾಲಯವೂ ಸಹಸ್ರಕೂಟ ಜಿನಾಲಯವೂ ಎದ್ದವು. ಶಾಂತಿ ಇದ್ದ ದಿನಗಳಲ್ಲಿ ಶಿಲ್ಪಿಯ ಉಳಿಗೆ ಕೆಲಸವಿತ್ತೆಂಬುದಕ್ಕೆ ಇವು ಸಾಕ್ಷಿ. ಆದರೆ ಅದೇ ಬಲ್ಲಾಳನು ಸಿಂಹಾಸನವೇರಿದ್ದು ತನ್ನ ತಂದೆ ಒಂದನೆಯ ನರಸಿಂಹನ ವಿರುದ್ಧ ದಂಗೆಯೆದ್ದು, 1173ರಲ್ಲಿ.

ಮುಂದೆ ಆತನ ಮೊಮ್ಮಗ ಸೋಮೇಶ್ವರನ ಕಾಲದಲ್ಲಿ ರಾಜ್ಯವೇ ಎರಡಾಯಿತು. ಸುಮಾರು 1254ರಲ್ಲಿ ದೋರಸಮುದ್ರದ ಭಾಗವು ಒಬ್ಬ ರಾಣಿಯ ಮಗ ಮೂರನೆಯ ನರಸಿಂಹನಿಗೂ, ಶ್ರೀರಂಗದ ಸಮೀಪದ ಕಣ್ಣನೂರನ್ನು ನೆಲೆಯಾಗಿಸಿಕೊಂಡ ತಮಿಳು ಭಾಗವು ಇನ್ನೊಬ್ಬ ರಾಣಿಯ ಮಗ ರಾಮನಾಥನಿಗೂ ಹೋಯಿತು. ಆಸ್ತಿ ಪಾಲಾದ ಮೇಲೆ ಮನಸ್ಸೂ ಪಾಲಾಯಿತು. ಪಾಂಡ್ಯರ ಒತ್ತಡದಿಂದ ಕಣ್ಣನೂರನ್ನು ಕಳೆದುಕೊಂಡ ರಾಮನಾಥನು ಕುಂದಾಣಿಗೆ ಬಂದು, ಅಣ್ಣತಮ್ಮಂದಿರು ಹಲವು ವರ್ಷ ಪರಸ್ಪರ ಹೋರಾಡಿದರು. ಕನ್ನಡ ಮಾತನಾಡುವ ಸೈನಿಕನು ಕನ್ನಡ ಮಾತನಾಡುವ ಸೈನಿಕನನ್ನು ಕೊಂದನು. ಇಬ್ಬರೂ ಒಂದೇ ವಂಶದ ಲಾಂಛನ ಹೊತ್ತವರು. 1292ರಲ್ಲಿ ಪಟ್ಟವೇರಿದ ಮೂರನೆಯ ಬಲ್ಲಾಳನ ಕಾಲದಲ್ಲಿ, ಸುಮಾರು 1300ರ ಹೊತ್ತಿಗೆ, ರಾಜ್ಯ ಮತ್ತೆ ಒಂದಾಯಿತು.

ಅಷ್ಟರಲ್ಲಿ ಬೆಂಕಿ ಪಕ್ಕದ ಮನೆಗೆ ಹತ್ತಿತ್ತು. ಮಧುರೆಯ ಪಾಂಡ್ಯ ಸಹೋದರರಾದ ಸುಂದರ ಪಾಂಡ್ಯ ಮತ್ತು ವೀರ ಪಾಂಡ್ಯರು ಸಿಂಹಾಸನಕ್ಕಾಗಿ ಕಾದಾಡತೊಡಗಿದರು. ಕೈತಪ್ಪಿದ ಪ್ರದೇಶಗಳನ್ನು ಮರಳಿ ಪಡೆಯುವ ಅವಕಾಶವೆಂದು ಬಲ್ಲಾಳನು ದಂಡೆತ್ತಿ ಅತ್ತ ಹೋಗಿದ್ದಾಗಲೇ, 1311ರಲ್ಲಿ, ಮಲಿಕ್ ಕಾಫೂರನ ಸೈನ್ಯ ದೋರಸಮುದ್ರದ ಬಾಗಿಲಿಗೆ ಬಂತು. ಬಲ್ಲಾಳನು ಧಾವಿಸಿ ಬಂದು ಸಂಧಿ ಮಾಡಿಕೊಂಡು, ಆನೆಗಳನ್ನೂ ಸಂಪತ್ತನ್ನೂ ಒಪ್ಪಿಸಿದನು. ದಿಲ್ಲಿಗೆ ಹೋದ ಆತನ ಮಗ 1313ರಲ್ಲಿ ಮರಳಿ ಬಂದನು. 1320ರ ದಶಕದ ಕೊನೆಯಲ್ಲಿ ಮುಹಮ್ಮದ್ ಬಿನ್ ತುಘಲಕನ ಸೈನ್ಯವು ಇನ್ನೊಮ್ಮೆ ದಾಳಿ ಮಾಡಿತು.

ದಿಲ್ಲಿಯ ಮನೆಯಾದರೂ ಸುಭದ್ರವಾಗಿತ್ತೇ? ಕಾಫೂರನನ್ನು ಕಳಿಸಿದ ಅಲಾವುದ್ದೀನ್ ಖಿಲ್ಜಿಯು 1296ರಲ್ಲಿ ತನ್ನ ಚಿಕ್ಕಪ್ಪನೂ ಮಾವನೂ ಆಗಿದ್ದ ಜಲಾಲುದ್ದೀನನನ್ನು ಕೊಲ್ಲಿಸಿ ಸುಲ್ತಾನನಾದವನು. 1299ರಲ್ಲಿ ಗುಜರಾತಿನ ಖಂಭಾತಿನಲ್ಲಿ ಸೆರೆಸಿಕ್ಕ ಗುಲಾಮನಾಗಿ ದಿಲ್ಲಿ ತಲುಪಿದ ಕಾಫೂರನು, 1316ರಲ್ಲಿ ಒಡೆಯನು ಸತ್ತ ಬಳಿಕ ರಾಜಕುಮಾರರ ಕಣ್ಣು ಕೀಳಿಸಿ, ಕೆಲವೇ ವಾರಗಳಲ್ಲಿ ತಾನೂ ಕೊಲೆಯಾದನು.

ಈಗ ಯೋಚಿಸಿ. ಈ ಇಡೀ ಕತೆಯಲ್ಲಿ ತಂದೆ ಮಗ, ಅಣ್ಣ ತಮ್ಮ, ಚಿಕ್ಕಪ್ಪ ಮಗ ಇವರದೇ ಕಾದಾಟವಿದೆ. ಆದರೆ ಜನರ ಬಾಯಲ್ಲಿ ಉಳಿದುದು 1311 ಒಂದೇ. ನರಸಿಂಹ ರಾಮನಾಥರ ಯುದ್ಧ ಶಾಸನ ಓದುವ ವಿದ್ವಾಂಸರಿಗೆ ಮಾತ್ರ ಗೊತ್ತು. ಮನೆಯೊಳಗಿನ ಜಗಳದ ನೆನಪು ನೋವು ಕೊಡುತ್ತದೆ, ನಾಚಿಕೆ ತರುತ್ತದೆ. ಆದುದರಿಂದ ಜನ ಅದನ್ನು ಮರೆಯುತ್ತಾರೆ. ಹೊರಗಿನವನ ದಾಳಿಯ ನೆನಪಿಗೆ ಸಿಟ್ಟು ಸಾಕು. ಆದುದರಿಂದ ಅದು ಉಳಿಯುತ್ತದೆ. ಇದು ಯಾವುದೋ ಒಂದು ಸಮುದಾಯದ ದೋಷವಲ್ಲ. ಎಲ್ಲ ಜನಾಂಗಗಳಲ್ಲೂ ಇರುವ ಮನುಷ್ಯ ಸ್ವಭಾವ.

ಕತೆ ಹೇಳಿದವರು ಯಾರು?

ಕತೆಯನ್ನು ಕೇಳುವಾಗ ಹೇಳುವವನಾರೆಂದು ವಿಚಾರಿಸುವುದು ಕುರ್‌ಆನಿನ ಶಿಕ್ಷಣವಾಗಿದೆ. ದುಷ್ಟನೊಬ್ಬನು ಸುದ್ದಿ ತಂದರೆ ತನಿಖೆ ಮಾಡಿಕೊಳ್ಳಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂಬ ಎಚ್ಚರಿಕೆ ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತದಲ್ಲಿದೆ.

ದೋರಸಮುದ್ರದ ದಾಳಿಯನ್ನು ಬರೆದಿಟ್ಟವರಲ್ಲಿ ಅಮೀರ್ ಖುಸ್ರೋ ಪ್ರಮುಖರು. ಅವರು ಮಹಾಕವಿ; ಆದರೆ ‘ಖಝಾಇನುಲ್ ಫುತೂಹ್’ ಗ್ರಂಥವನ್ನು ಬರೆದುದು ಸುಲ್ತಾನನ ವಿಜಯವನ್ನು ಹೊಗಳಲು. ಆಸ್ಥಾನದ ಬರಹಗಾರನು ತನ್ನ ದೊರೆಯ ಕತ್ತಿಯನ್ನು ಧರ್ಮದ ಕತ್ತಿಯೆಂದು ಬಣ್ಣಿಸುತ್ತಾನೆ, ಲೂಟಿಯನ್ನು ಪುಣ್ಯವೆಂದು ತೋರಿಸುತ್ತಾನೆ. ಅಂದು ದೊರೆಯನ್ನು ಮೆಚ್ಚಿಸಲು ಬರೆದ ಉತ್ಪ್ರೇಕ್ಷೆ ಇಂದು ಒಬ್ಬರಿಗೆ ಹೆಮ್ಮೆಯ, ಇನ್ನೊಬ್ಬರಿಗೆ ದ್ವೇಷದ ಆಧಾರವಾಗಿದೆ. ಅದನ್ನು ಇಸ್ಲಾಮಿನ ಇತಿಹಾಸವೆಂದು ಹೆಮ್ಮೆಪಡುವವರೂ ಅದನ್ನೇ ಹಿಡಿದು ಇಸ್ಲಾಮನ್ನು ನಿಂದಿಸುವವರೂ ಆಸ್ಥಾನದ ಮಾತನ್ನೇ ನಂಬಿದ್ದಾರೆ.

ಇನ್ನೊಬ್ಬ ಮುಸ್ಲಿಮ್ ಬರಹಗಾರನ ಮಾದರಿ ಬೇರೆಯೇ ಆಗಿದೆ. ಮೂರನೆಯ ಬಲ್ಲಾಳನು ತನ್ನ ಇಳಿವಯಸ್ಸಿನಲ್ಲಿ, 1340ರ ದಶಕದ ಆರಂಭದಲ್ಲಿ, ಮಧುರೆಯ ಸುಲ್ತಾನ ಗಿಯಾಸುದ್ದೀನನೊಂದಿಗೆ ಕಣ್ಣನೂರಿನ ಬಳಿ ಯುದ್ಧ ಮಾಡಿ ಸೆರೆಸಿಕ್ಕಿ ಕ್ರೂರವಾಗಿ ಕೊಲ್ಲಲ್ಪಟ್ಟನು. ಇದನ್ನು ಬರೆದವರು ಪ್ರವಾಸಿ ಇಬ್ನ್ ಬತೂತಾ. ಸುಲ್ತಾನನ ಪತ್ನಿಯೂ ಇವರ ಪತ್ನಿಯೂ ಅಕ್ಕತಂಗಿಯರು. ಆದರೂ ಆ ಸುಲ್ತಾನನು ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಿಸಿದುದನ್ನು ಅವರು ಮುಚ್ಚಿಡಲಿಲ್ಲ. ಅದು ಘೋರ ಕೃತ್ಯವೆಂದೂ, ಅದರಿಂದಲೇ ಅಲ್ಲಾಹನು ಅವನ ಅಂತ್ಯವನ್ನು ಬೇಗನೆ ತಂದನೆಂದೂ ಬರೆದರು. ಬಲ್ಲಾಳನ ಸೈನ್ಯದಲ್ಲಿ ಸುಮಾರು 20,000 ಮುಸ್ಲಿಮರಿದ್ದರೆಂದೂ ದಾಖಲಿಸಿದರು. ಅಂದರೆ ಆ ಯುದ್ಧದಲ್ಲಿ ಎರಡೂ ಕಡೆ ಮುಸ್ಲಿಮರಿದ್ದರು. ನಿಮ್ಮ ವಿರುದ್ಧ, ನಿಮ್ಮ ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಯಾಗಿರಿ ಎಂಬ ಅನ್ನಿಸಾ ಅಧ್ಯಾಯದ 135ನೆಯ ಸೂಕ್ತದ ಆದೇಶಕ್ಕೆ ಇದೊಂದು ಉದಾಹರಣೆ.

ಬೇಲೂರಿನ ಶಾಸನವೊಂದರಲ್ಲೂ ಇಂತಹ ನಿಖರತೆ ಕಾಣುತ್ತದೆ. ಚೆನ್ನಕೇಶವ ದೇವಾಲಯದ ಹೆಬ್ಬಾಗಿಲನ್ನು ಕಲಬುರಗಿಯಿಂದ ಬಂದ ಗಂಗ ಸಾಲಾರನೆಂಬವನು ಸುಟ್ಟನೆಂದೂ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನೆಂದೂ ಅದು ಹೇಳುತ್ತದೆ. ಸುಟ್ಟವನಿಗೆ ಒಂದು ಹೆಸರಿದೆ, ಒಂದು ಊರಿದೆ. ಅಪರಾಧಕ್ಕೆ ಅಪರಾಧಿಯ ಹೆಸರಿಡುವುದು ನ್ಯಾಯ. ಅವನ ಹೆಸರನ್ನು ಅಳಿಸಿ ಒಂದು ಸಮುದಾಯದ ಹೆಸರು ಬರೆಯುವುದು ಅನ್ಯಾಯ.

ನಮ್ಮ ಮನೆಯ ಗಾಯ

ಇತರರ ದಾಯಾದಿ ಯುದ್ಧಗಳ ಮಾತಾಯಿತು. ನಮ್ಮ ಇತಿಹಾಸದಲ್ಲೂ ಆಳವಾದ ಗಾಯವೊಂದಿದೆ. ಹ. ಉಸ್ಮಾನ್(ರ)ರು ಹಿಜರಿ 35ರಲ್ಲಿ ಹುತಾತ್ಮರಾದ ಬಳಿಕ ಮುಸ್ಲಿಮರು ಪರಸ್ಪರ ಎದುರಾದರು. ಹಿಜರಿ 36ರಲ್ಲಿ (ಕ್ರಿ.ಶ. 656) ಜಮಲ್, 37ರಲ್ಲಿ ಸಿಫ್ಫೀನ್. ಎರಡೂ ಕಡೆ ಪ್ರವಾದಿವರ್ಯರ(ಸ) ಸಂಗಾತಿಗಳಿದ್ದರು. ಹ. ಸಅದ್ ಬಿನ್ ಅಬೀ ವಕ್ಕಾಸ್(ರ), ಹ. ಅಬ್ದುಲ್ಲಾ ಬಿನ್ ಉಮರ್(ರ)ರಂತಹ ಕೆಲವರು ಯಾವ ಪಕ್ಷವನ್ನೂ ಸೇರದೆ ದೂರ ಉಳಿದರು.

ಜಮಲ್ ಯುದ್ಧ ಮುಗಿದಾಗ ಗೆದ್ದವರು ಹ. ಅಲೀ(ರ). ಗೆದ್ದವರು ಆ ದಿನ ಏನು ಮಾಡಿದರೆಂಬುದನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು. ಓಡುವವರನ್ನು ಬೆನ್ನಟ್ಟಬಾರದು, ಗಾಯಾಳುಗಳನ್ನು ಕೊಲ್ಲಬಾರದು, ಮನೆಗಳನ್ನು ಲೂಟಿ ಮಾಡಬಾರದು ಎಂದು ಆಜ್ಞಾಪಿಸಿದರು. ಎರಡೂ ಕಡೆಯ ಮೃತರಿಗಾಗಿ ಜನಾಝ ನಮಾಝ್ ನಿರ್ವಹಿಸಿದರು. ಎದುರು ಪಕ್ಷದಲ್ಲಿದ್ದ ಉಮ್ಮುಲ್ ಮೂಮಿನೀನ್ ಹ. ಆಇಶಾ(ರ)ರನ್ನು ಗೌರವದಿಂದ ಕಳುಹಿಸಿಕೊಟ್ಟರು. ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಅವರ ನಡುವೆ ಸಂಧಾನ ಮಾಡಿಸಬೇಕೆಂದು ಆಜ್ಞಾಪಿಸುವ ಅಲ್‌ಹುಜುರಾತ್‌ನ 9ನೆಯ ಸೂಕ್ತವು ಕಾದಾಡುವವರನ್ನೂ ವಿಶ್ವಾಸಿಗಳೆಂದೇ ಕರೆದಿದೆ. ಮುಂದಿನ ಸೂಕ್ತ ಅವರನ್ನು ಸಹೋದರರೆನ್ನುತ್ತದೆ. ಹ. ಅಲೀ(ರ)ರ ವರ್ತನೆ ಈ ಎರಡು ಸೂಕ್ತಗಳ ಜೀವಂತ ವ್ಯಾಖ್ಯಾನವಾಗಿತ್ತು.

ಈ ಯುದ್ಧಗಳ ವರದಿ ನಮಗೆ ಬಂದುದಾದರೂ ಹೇಗೆ? ಇಮಾಮ್ ತಬರಿಯವರ (ನಿಧನ ಹಿಜರಿ 310) ಬೃಹತ್ ಇತಿಹಾಸದಲ್ಲಿ ಅನೇಕ ನಿರೂಪಕರ ಹೇಳಿಕೆಗಳು ಅಕ್ಕಪಕ್ಕದಲ್ಲೇ ಇವೆ. ಅಬೂ ಮಿಖ್ನಫ್ ಒಂದು ರೀತಿ ಹೇಳಿದರೆ ಸೈಫ್ ಬಿನ್ ಉಮರ್ ಇನ್ನೊಂದು ರೀತಿ ಹೇಳುತ್ತಾನೆ. ಹದೀಸ್ ವಿದ್ವಾಂಸರು ಈ ಇಬ್ಬರನ್ನೂ ದುರ್ಬಲ ವರದಿಗಾರರೆಂದು ಪರಿಗಣಿಸಿದ್ದಾರೆ. ತಬರಿಯವರು ಪ್ರತಿಯೊಂದು ವರದಿಗೂ ಹೇಳಿದವರ ಹೆಸರು ಕೊಟ್ಟು, ಆಕ್ಷೇಪಾರ್ಹವಾದುದೇನಾದರೂ ಕಂಡರೆ ಅದು ನಿರೂಪಕರಿಂದ ಬಂದುದೆಂದು ಮುನ್ನುಡಿಯಲ್ಲೇ ಎಚ್ಚರಿಸಿದರು. ಇಂದು ಈ ಎಚ್ಚರಿಕೆಯನ್ನು ಬಿಟ್ಟು, ಒಬ್ಬನೇ ನಿರೂಪಕನ ಮಾತನ್ನು ಎತ್ತಿಕೊಂಡು ಭಾಷಣಗಳಲ್ಲಿ ಸಹಾಬಿಗಳನ್ನು ಜರೆಯುವವರಿದ್ದಾರೆ.

ಇನ್ನೊಂದು ಕೊರತೆಯೂ ಇದೆ. ಹಿಜರಿ 41ರಲ್ಲಿ ಹ. ಹಸನ್(ರ)ರು ಅಧಿಕಾರವನ್ನು ಬಿಟ್ಟುಕೊಟ್ಟು ರಕ್ತಪಾತವನ್ನು ನಿಲ್ಲಿಸಿದರು. ಆ ವರ್ಷಕ್ಕೆ ‘ಐಕ್ಯದ ವರ್ಷ’ ಎಂಬ ಹೆಸರೇ ಬಂತು. ಆದರೆ ಯುದ್ಧದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಆ ಸಂಧಿಗೆ ಎರಡು ನಿಮಿಷ ಕೊಡುವುದಿಲ್ಲ. ದೋರಸಮುದ್ರದ ರಾಜ್ಯ ಮತ್ತೆ ಒಂದಾದುದನ್ನು ಹೇಗೆ ಯಾರೂ ನೆನೆಯುವುದಿಲ್ಲವೋ ಹಾಗೆಯೇ.

ಹ. ಯೂಸುಫ್(ಅ)ರು ಕತೆ ಹೇಳಿದ ರೀತಿ

ಸಹೋದರರಿಂದ ಅತ್ಯಂತ ಹೆಚ್ಚು ನೋವುಂಡವರು ಹ. ಯೂಸುಫ್(ಅ). ಬಾವಿಗೆ ಎಸೆಯಲ್ಪಟ್ಟರು, ಗುಲಾಮರಾಗಿ ಮಾರಲ್ಪಟ್ಟರು. ಕೊನೆಗೆ ಈಜಿಪ್ತಿನಲ್ಲಿ ತಂದೆ ತಾಯಿ, ಸಹೋದರರೆಲ್ಲ ಸೇರಿದಾಗ ತಮ್ಮ ಮೇಲೆ ಅಲ್ಲಾಹನ ಅನುಗ್ರಹವನ್ನು ವಿವರಿಸುತ್ತಾ, ತಮ್ಮನ್ನು ಸೆರೆಮನೆಯಿಂದ ಹೊರತಂದುದನ್ನು ಸ್ಮರಿಸುತ್ತಾರೆ. ಬಾವಿಯ ಮಾತೇ ಎತ್ತುವುದಿಲ್ಲ. ಸೆರೆಮನೆಯ ಪ್ರಸ್ತಾಪದಿಂದ ಆ ಸಭೆಯಲ್ಲಿ ಯಾರೂ ನಾಚಬೇಕಾಗಿರಲಿಲ್ಲ, ಬಾವಿಯ ಪ್ರಸ್ತಾಪದಿಂದ ನಾಚಬೇಕಾದವರು ಎದುರಿಗೇ ಇದ್ದರು. ಸಹೋದರರ ದ್ರೋಹವನ್ನು ಹೇಳಬೇಕಾದಾಗಲೂ, ತನ್ನ ಮತ್ತು ಸಹೋದರರ ನಡುವೆ ಶೈತಾನನು ಕಲಹ ಹುಟ್ಟಿಸಿದನೆಂದಷ್ಟೇ ಹೇಳುತ್ತಾರೆ (12:100). ಬಾವಿಯ ಸತ್ಯವನ್ನು ಕುರ್‌ಆನ್ ಮುಚ್ಚಿಟ್ಟಿಲ್ಲ. ಲೋಕಕ್ಕೆಲ್ಲ ಅದು ತಿಳಿದಿದೆ. ಆದರೆ ಅದನ್ನು ಈಟಿಯಾಗಿ ಬಳಸಲು ನೊಂದವರೇ ಒಪ್ಪಲಿಲ್ಲ.

ಮಕ್ಕಳಿಗೆ ಹೇಳುವಾಗ

ಹಾಗಾದರೆ ಹಳೇಬೀಡಿನಿಂದ ಬಂದ ಮಗುವಿಗೆ ಏನು ಹೇಳಬೇಕು? ಕೆಲವು ನಿಯಮಗಳನ್ನು ನಾವು ರೂಢಿಸಿಕೊಳ್ಳಬಹುದು.

1. ನಡೆದುದನ್ನು ನಡೆದಿದೆಯೆಂದೇ ಹೇಳಿ. ಸೈನ್ಯಗಳು ಬಂದವು, ಲೂಟಿ ನಡೆಯಿತು. ಲೂಟಿ ಮಾಡಿದವನು ಕಲಿಮಾ ಹೇಳುತ್ತಿದ್ದನೆಂಬ ಕಾರಣಕ್ಕೆ ಲೂಟಿ ಧರ್ಮವಾಗದು.

2. ಕತೆಯನ್ನು ಮೊದಲಿನಿಂದ ಹೇಳಿ. ಹೊಯ್ಸಳ, ಪಾಂಡ್ಯ, ಖಿಲ್ಜಿ ಮೂರೂ ಮನೆಗಳಲ್ಲಿ ಸಿಂಹಾಸನಕ್ಕಾಗಿ ರಕ್ತಸಂಬಂಧಿಗಳೇ ಕಾದಾಡಿದ್ದರೆಂದು ತಿಳಿಸಿ. ಆಗ ಮಗುವಿಗೆ ಧರ್ಮಗಳ ಯುದ್ಧದ ಬದಲು ಅಧಿಕಾರದಾಸೆಯ ಮುಖ ಕಾಣುತ್ತದೆ.

3. ಮಾಡಿದವನ ಹೊರೆ ಮಾಡಿದವನಿಗೇ. ಗತಿಸಿದ ಜನಾಂಗಕ್ಕೆ ಅದರ ಗಳಿಕೆ, ನಿಮಗೆ ನಿಮ್ಮ ಗಳಿಕೆ. ಅವರ ಕರ್ಮಗಳ ಬಗ್ಗೆ ನಿಮ್ಮನ್ನು ಪ್ರಶ್ನಿಸಲಾಗದು ಎಂಬ ಆಶಯ ಅಲ್‌ಬಕರಃ ಅಧ್ಯಾಯದ 134ನೆಯ ಸೂಕ್ತದಲ್ಲಿದೆ. ಮಲಿಕ್ ಕಾಫೂರನ ಅಪರಾಧಕ್ಕೆ ಅರಸೀಕೆರೆಯ ಬೀಡಿ ಕಟ್ಟುವ ತಾಯಿ ಉತ್ತರ ಕೊಡಬೇಕಾಗಿಲ್ಲ. ಅವನ ವಿಜಯದಲ್ಲಿ ಆಕೆಗೆ ಪಾಲೂ ಇಲ್ಲ. ಹೆಮ್ಮೆಯನ್ನು ಇಟ್ಟುಕೊಂಡು ಹೊರೆಯನ್ನು ಮಾತ್ರ ಇಳಿಸಲು ಸಾಧ್ಯವಿಲ್ಲವೆಂಬುದನ್ನು ನಮ್ಮ ಯುವಕರು ಅರಿತುಕೊಳ್ಳಬೇಕು.

4. ಯುದ್ಧದಲ್ಲೇ ಕತೆಯನ್ನು ನಿಲ್ಲಿಸಬೇಡಿ, ಸಂಧಿಯವರೆಗೂ ಹೇಳಿ. ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿಯವರು ಕುರ್‌ಆನ್ ಪಠಿಸುವ ಪದ್ಧತಿ ತಲೆಮಾರುಗಳಿಂದ ಬಂದಿದೆ. 2022ರ ಏಪ್ರಿಲ್‌ನಲ್ಲಿ ಅದಕ್ಕೆ ಆಕ್ಷೇಪ ಬಂದಾಗಲೂ ಮುಜರಾಯಿ ಇಲಾಖೆಯ ಅನುಮತಿಯೊಂದಿಗೆ ಅದು ನೆರವೇರಿತು. ಇಂತಹ ಪದ್ಧತಿಯ ಧಾರ್ಮಿಕ ವಿಧಿಯ ಬಗ್ಗೆ ವಿದ್ವಾಂಸರು ಚರ್ಚಿಸಲಿ. ಆದರೆ ಹೆಬ್ಬಾಗಿಲು ಸುಟ್ಟ ನೆನಪನ್ನು ಶಾಸನದಲ್ಲಿ ಹೊತ್ತ ಊರೇ ಖಾಜಿಯವರಿಗಾಗಿ ತೇರನ್ನು ನಿಲ್ಲಿಸಿ ಕಾದುದು ನಮ್ಮ ಮಕ್ಕಳಿಗೆ ತಿಳಿಯಬೇಡವೇ?

5. ಇದೇ ಅಳತೆಯನ್ನು ಮನೆಗೂ ಬಳಸಿ. ಚಿಕ್ಕಪ್ಪನೊಂದಿಗಿನ ಗದ್ದೆಯ ವ್ಯಾಜ್ಯ, ಮಸೀದಿ ಕಮಿಟಿಯ ಹಳೆಯ ಜಗಳ ಇವುಗಳ ಕತೆಯನ್ನು ಊಟದ ಹೊತ್ತಿಗೆ ಮಕ್ಕಳೆದುರು ಹೇಗೆ ಹೇಳುತ್ತೇವೆ? ಆಸ್ಥಾನದ ಕವಿಯಂತೆಯೋ, ಯೂಸುಫ್(ಅ)ರಂತೆಯೋ? ಇಂದು ನಾವು ಹೇಳಿದ ಕತೆಯನ್ನೇ ನಾಳೆ ನಮ್ಮ ಮಕ್ಕಳು ಅವರ ಸೋದರ ಸಂಬಂಧಿಗಳೆದುರು ಬದುಕುತ್ತಾರೆ.

ನಮ್ಮ ಕಾಲಕ್ಕೆ ಮುಂಚೆಯೇ ಹರಿದ ರಕ್ತ ನಮ್ಮ ಕೈಗೆ ಅಂಟಿಲ್ಲ. ಅದು ನಮ್ಮ ನಾಲಿಗೆಗೂ ಅಂಟದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಸತ್ಯವನ್ನು ನ್ಯಾಯದೊಂದಿಗೆ ಹೇಳುವ ನಾಲಿಗೆಯನ್ನೂ, ನಮಗಿಂತ ಮುಂಚೆ ಗತಿಸಿದವರ ಬಗ್ಗೆ ಹಗೆಯಿಲ್ಲದ ಹೃದಯವನ್ನೂ ಅಲ್ಲಾಹನು ನಮಗೆ ಮತ್ತು ನಮ್ಮ ಸಂತತಿಗೆ ದಯಪಾಲಿಸಲಿ. ಆಮೀನ್.