ಕತ್ತಿಯ ಕೆಳಗೆ ಕೂಡುವ ಮುನ್ನ

ಶ್ರಾವಣ ಮುಗಿಯಿತೆಂದರೆ ತಿಕೋಟಾ, ಬಬಲೇಶ್ವರದ ಕಟಿಂಗ್ ಅಂಗಡಿಗಳಲ್ಲಿ ಬೆಂಚು ಖಾಲಿ ಸಿಗುವುದಿಲ್ಲ. ತಿಂಗಳಿಡೀ ಗಡ್ಡ ಬಿಟ್ಟವರೆಲ್ಲ ಒಂದೇ ಸಲ ಬಂದು ಕೂತಿರುತ್ತಾರೆ. ತಮ್ಮಾ, ಮೊದಲ ಸಲ ಕತ್ತಿಗೆ ಮುಖ ಕೊಡಬೇಕೆಂದಿದ್ದರೆ ಆ ದಿನ ಹೋಗಬೇಡ. ಎರಡು ದಿನ ತಡೆದು ಮಧ್ಯಾಹ್ನದ ಹೊತ್ತಿಗೆ ಹೋಗು. ಗದ್ದಲದಲ್ಲಿ ಕೈ ಅವಸರ ಮಾಡುತ್ತದೆ, ಬ್ಲೇಡ್ ಬದಲಿಸುವುದು ಮರೆತುಹೋಗುತ್ತದೆ. ವಿಜಯಪುರದ ಎಸಿ ಸಲೂನಾಗಲಿ, ಊರ ಬಸ್ ನಿಲ್ದಾಣದ ಎದುರಿನ ಒಂದೇ ಕುರ್ಚಿಯ ಅಂಗಡಿಯಾಗಲಿ, ಕನ್ನಡಿ ಎಷ್ಟು ದೊಡ್ಡದೆಂದು ನೋಡಬೇಡ, ಕೈ ನೋಡು. ನಿನಗಿಂತ ಮೊದಲಿನವನ ಗಡ್ಡ ಮುಗಿಸಿ ಕೈ ತೊಳೆದನೇ, ಬ್ಲೇಡ್ ಎಸೆದನೇ, ಟವೆಲ್ ಬದಲಿಸಿದನೇ? ಬೆಂಚಿನ ಮೇಲೆ ಕೂತೇ ಇಷ್ಟನ್ನು ತಿಳಿಯಬಹುದು.

ನಮ್ಮ ಕಾಲದ ಕತ್ತಿ ಇಡೀ ಉಕ್ಕಿನದು. ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ತಿಕ್ಕಿ ಗಲ್ಲಕ್ಕೆ ಹಚ್ಚುತ್ತಿದ್ದರು. ಆ ನುಣುಪು ಈಗಿಲ್ಲ ಎಂದು ನನ್ನ ವಾರಿಗೆಯವರು ಹಲುಬುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡ. ಅದೇ ಕತ್ತಿ ಊರವರೆಲ್ಲರ ಗಲ್ಲದ ಮೇಲೂ ಓಡುತ್ತಿತ್ತು. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಅದಕ್ಕೆ ಸಾಕು. ಈಗ ಹಿಡಿಕೆಗೆ ಅರ್ಧ ಬ್ಲೇಡ್ ಸಿಕ್ಕಿಸುತ್ತಾರೆ. ಕಾಗದದ ಸಮೇತ ಬ್ಲೇಡ್ ಮುರಿಯುವುದು ನಿನ್ನ ಕಣ್ಣೆದುರಿಗೇ ಆಗಲಿ. ಆಗದಿದ್ದರೆ ‘ಕಾಕಾ, ಹೊಸಾ ಬ್ಲೇಡ್ ಹಾಕ್ರಿ’ ಅನ್ನು. ಕಸುಬು ಬಲ್ಲವನು ಇದಕ್ಕೆ ಮುನಿಯುವುದಿಲ್ಲ. ಮುನಿದರೆ ಎದ್ದು ಬಾ. ಪಟಿಕದ ಕಲ್ಲನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬ್ಲೇಡ್ ಹೊಸದು, ಕಲ್ಲು ಹತ್ತು ಮುಖ ಸವರಿದ್ದು! ಕಿರಾಣಿ ಅಂಗಡಿಯಲ್ಲಿ ಒಂದು ತುಂಡು ಕೊಂಡು ಕಿಸೆಯಲ್ಲಿಟ್ಟುಕೋ.

ಕೂತ ಮೇಲೆ ಮೊಡವೆ ಎಲ್ಲಿದೆ, ಹಳೆಯ ಗಾಯ ಎಲ್ಲಿದೆ, ಮೊದಲೇ ಹೇಳು. ನೊರೆ ಬಂದಷ್ಟೂ ಕೂದಲು ಮೆತ್ತಗಾಗುತ್ತದೆ. ಬೋರಿನ ಗಡಸು ನೀರಿನಲ್ಲಿ ಸೋಪು ಬೇಗ ನೊರೆಗಟ್ಟುವುದಿಲ್ಲ, ಬ್ರಷ್ ಇನ್ನಷ್ಟು ಆಡಬೇಕು. ಅವನು ತಿಕ್ಕುತ್ತಲೇ ಇದ್ದಾನೆಂದು ಬೇಸರಪಡಬೇಡ. ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೇ ಇರಲಿ. ಎರಡನೆಯದು ಉಲ್ಟಾ ಹೊಡೆಯಲೇ ಎಂದು ಕೇಳಿದರೆ ಈ ವಯಸ್ಸಿಗೆ ಬೇಡ ಅನ್ನು. ಗುಂಗುರು ಗಡ್ಡದವರಿಗೆ ಉಲ್ಟಾ ಕೆರೆದ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಕತ್ತಿ ಗಂಟಲ ಹತ್ತಿರ ಬಂದಾಗ ಉಗುಳು ನುಂಗಬೇಡ, ಮಾತಾಡಬೇಡ. ಸೀನು ಬಂದರೆ ಕೈ ಎತ್ತು. ಮೊಬೈಲು ಕಿಸೆಯಲ್ಲೇ ಇರಲಿ.

ಗಡ್ಡ ಮುಗಿದ ಮೇಲೆ ಪ್ರೀತಿಯಿಂದಲೇ ಕುತ್ತಿಗೆ ಹಿಡಿದು ಲಟಕ್ಕನೆ ತಿರುವಲು ಬರುತ್ತಾರೆ. ಅದೊಂದಕ್ಕೆ ಒಪ್ಪಬೇಡ. 2024ರಲ್ಲಿ ಬಳ್ಳಾರಿಯ ಒಬ್ಬ ಯುವಕನಿಗೆ ಸಲೂನಿನಲ್ಲಿ ಹೀಗೆ ಕುತ್ತಿಗೆ ತಿರುವಿಸಿಕೊಂಡದ್ದರಿಂದ ರಕ್ತನಾಳ ಹರಿದು ಪಾರ್ಶ್ವವಾಯು ಬಡಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ತಲೆ ತಿಕ್ಕಲಿ, ಭುಜ ಒತ್ತಲಿ, ಕುತ್ತಿಗೆ ತಿರುವುವುದು ಬೇಡ.

ಇನ್ನು ಕತ್ತಿ ಹಿಡಿದವನ ವಿಷಯ. ಹಿಂದೆ ನಮ್ಮ ಹಳ್ಳಿಗಳಲ್ಲಿ ಈ ಕೆಲಸಕ್ಕೆ ರೊಕ್ಕ ಕೊಡುತ್ತಿರಲಿಲ್ಲ. ವರ್ಷವಿಡೀ ಮನೆಗೇ ಬಂದು ಗಡ್ಡ ಮಾಡಿ, ಕೂಸಿನ ಜಾವಳವನ್ನೂ ತೆಗೆದವನಿಗೆ ಸುಗ್ಗಿಯಲ್ಲಿ ಕಣದ ಬಿಳಿಜೋಳದ ಆಯ. ಅದರ ನೆನಪು ಹೇಳುವಾಗ ಹಿರಿಯರ ಕಣ್ಣು ತೇವವಾಗುತ್ತದೆ. ಆದರೆ ಅಳೆಯುತ್ತಿದ್ದ ಕೈ ಯಾರದು? ಮಳೆ ಕೈಕೊಟ್ಟ ವರ್ಷ ಅವನ ಪಾಲೂ ಬತ್ತುತ್ತಿತ್ತು. ಮುಖ ನೋಡಿದರೆ ಅಪಶಕುನವೆಂದು ಅವನನ್ನೇ ಹಳಿಯುತ್ತಿದ್ದ ಊರುಗಳೂ ಇದ್ದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಕಸುಬಿನವರು ತಮ್ಮವನೆನ್ನುವ ಹಡಪದ ಅಪ್ಪಣ್ಣ ಬಸವಣ್ಣನ ಆಪ್ತನಾಗಿದ್ದ. ತನ್ನನ್ನು ಕಾಣಬೇಕೆಂದವರು ಮೊದಲು ಅಪ್ಪಣ್ಣನ ಮುಖ ನೋಡಿಯೇ ಬರಲಿ ಎಂದು ಬಸವಣ್ಣ ಏರ್ಪಾಟು ಮಾಡಿದ್ದನೆಂಬ ಮಾತು ನಮ್ಮ ಕಡೆ ಇಂದಿಗೂ ಇದೆ. ಬಸವಣ್ಣನ ಊರಾದ ಬಸವನ ಬಾಗೇವಾಡಿ ನಮ್ಮದೇ ಜಿಲ್ಲೆಯದು. ಅಂಗಡಿಯ ಗೋಡೆಗೆ ಅಪ್ಪಣ್ಣನ ಫೋಟೋ ಕಂಡರೆ ಅದು ಬರೀ ಅಲಂಕಾರವಲ್ಲ ಎಂದು ತಿಳಿ. ಈ ಕಸುಬಿನವರ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡ ಗೆಳೆಯರು ನಿನಗಿದ್ದರೆ ಬಾಯಿ ಮುಚ್ಚಿಸು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಹೇಳಲು ಸಂಕಟ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರ ಕೂದಲು ಕತ್ತರಿಸಿದ್ದಕ್ಕೆ ಕ್ಷೌರಿಕನೊಬ್ಬನಿಗೇ ಊರು ದಂಡ ಹಾಕಿತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರ ಮಾಡಲು ಒಲ್ಲೆನೆಂದದ್ದೇ ಜಗಳವಾಗಿ ದಲಿತ ಯುವಕನೊಬ್ಬ ಇರಿತಕ್ಕೆ ಸತ್ತ. ಒಂದು ಕಡೆ ಮಾಡಿದವನಿಗೆ ದಂಡ, ಇನ್ನೊಂದು ಕಡೆ ಕೇಳಿದವನ ಜೀವ ಹೋಯಿತು. ಎರಡಕ್ಕೂ ಕಾರಣ ಊರಿನ ದೊಡ್ಡವರು ಎಂದೋ ಎಳೆದ ಗೆರೆ. ನಿನ್ನ ಜೊತೆ ಬಂದ ಗೆಳೆಯನನ್ನು ಯಾವುದಾದರೂ ಅಂಗಡಿ ಹೊರಗೆ ನಿಲ್ಲಿಸಿದರೆ ಅರ್ಧ ನೊರೆ ಹಚ್ಚಿದ್ದರೂ ಎದ್ದುಬಿಡು. ಮುಖ ಬಸ್ ನಿಲ್ದಾಣದ ನಳದಲ್ಲಿ ತೊಳೆದುಕೊಳ್ಳಬಹುದು.

ಇಷ್ಟಾದ ಮೇಲೆ ತಿಕೋಟಾದವನಾದ ನಿನಗೆ ಮತ್ತೊಂದು ಹೇಳಬೇಕು. ದ್ರಾಕ್ಷಿ ಬಳ್ಳಿ ಸವರುವ ಚಾಟನಿ ಮುಗಿದು ತೋಟಕ್ಕೆ ಔಷಧ ಹೊಡೆಯುವ ದಿನಗಳಲ್ಲಿ ಬೆಳಿಗ್ಗೆ ಗಡ್ಡ ಮಾಡಿಸಿಕೊಂಡು ನೇರ ಪಂಪು ಹೊರಬೇಡ. ಕತ್ತಿ ಆಡಿದ ಚರ್ಮದಲ್ಲಿ ಕಾಣದ ಗೀರುಗಳಿರುತ್ತವೆ, ಔಷಧ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಹೊಡೆಯುವುದು ಮುಗಿಸಿ, ಜಳಕ ಮಾಡಿ, ಸಂಜೆ ಹೋಗು.