ಮಾತಿನ ವಾಲ್ವು: ಅದರ ಬಳಕೆ ಮತ್ತು ಜೋಪಾನ



ಬಾವಿಯ ಪಂಪಿನ ಫುಟ್ ವಾಲ್ವು ನಿಮಗೆಲ್ಲ ಗೊತ್ತಿದ್ದದ್ದೇ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಗೆ ಇಳಿಯಗೊಡುವುದಿಲ್ಲ. ಅದರ ಬಾಯಿಗೆ ಒಂದು ಕಡ್ಡಿಯೋ ಪಾಚಿಯೋ ಸಿಕ್ಕಿಕೊಂಡರೆ ಸಾಕು, ನೀರು ಸೋರಿ ಪಂಪು ಸುಮ್ಮನೆ ತಿರುಗುತ್ತದೆ. ಇದೇ ಬಗೆಯ ಬೆರಳ ತುದಿಯಷ್ಟು ಚಿಕ್ಕ ವಾಲ್ವು ಕೆಲವರ ಕೊರಳಿನಲ್ಲಿ ಇರುತ್ತದೆ. ಅದರಿಂದಲೇ ಅವರು ಮಾತನಾಡುತ್ತಾರೆ.

ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೆಚ್ಚಾಗಿ ಬೀಡಿ, ಸಿಗರೇಟು, ಸೆರೆಯ ಚಟವಿದ್ದವರಿಗೆ ಬರುತ್ತದೆ. ರೋಗ ಬಲಿತಿದ್ದರೆ ವೈದ್ಯರು ಆ ಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಗ ಶ್ವಾಸನಾಳದ ತುದಿಯನ್ನು ಕೊರಳ ಮುಂದಿನ ಒಂದು ರಂಧ್ರಕ್ಕೆ ಹೊಲಿಯುತ್ತಾರೆ. ಅಂದಿನಿಂದ ಉಸಿರಾಟವೆಲ್ಲ ಆ ರಂಧ್ರದಿಂದಲೇ. ಶ್ವಾಸನಾಳದ ಬೆನ್ನಿಗೇ ಅನ್ನನಾಳವಿದೆ. ಎರಡರ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ಸಿಲಿಕೋನಿನ ವಾಲ್ವನ್ನು ಕೂಡ್ರಿಸುತ್ತಾರೆ. ಗಾಳಿ ಅನ್ನನಾಳದ ಕಡೆಗೆ ಹೋಗಬಹುದು, ಅನ್ನ ನೀರು ಇತ್ತ ಬರಕೂಡದು. ಅಮೇರಿಕದ ಸಿಂಗರ್ ಮತ್ತು ಬ್ಲಾಮ್ ಎಂಬವರು 1980ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದರು.

ಪರದೇಶದ ವಾಲ್ವುಗಳ ಬೆಲೆ ಬಡವರ ಕೈಗೆಟುಕುವಂಥದಲ್ಲ. ಅಷ್ಟು ಹಣ ಕೊಟ್ಟು ತಂದದ್ದನ್ನೂ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ತಮ್ಮ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್ ಅವರೊಡನೆ ಕೂಡಿ ಸುಮಾರು 50 ರೂಪಾಯಿಯ 'ಓಂ' ಎಂಬ ವಾಲ್ವನ್ನು ತಯಾರಿಸಿದರು. 2015-16ರ ಹೊತ್ತಿಗೆ ಅದು ಪತ್ರಿಕೆಗಳಲ್ಲಿ ಬಂದಿತು. ಆದರೆ ಅಗ್ಗದ್ದಿರಲಿ ತುಟ್ಟಿಯದಿರಲಿ, ಜೋಪಾನ ಮಾಡದಿದ್ದರೆ ಯಾವುದೂ ಬಾಳದು.

ಮಾತನಾಡುವುದು ಹೀಗೆ. ರಂಧ್ರದಿಂದ ಉಸಿರು ಎಳೆದುಕೊಳ್ಳಿರಿ. ಹೆಬ್ಬೆರಳಿನಿಂದ ರಂಧ್ರವನ್ನು ಮೆಲ್ಲಗೆ ಮುಚ್ಚಿರಿ, ಉಸಿರು ಬಿಡುತ್ತ ಮಾತನಾಡಿರಿ. ಒತ್ತಿ ಹಿಡಿದರೆ ಧ್ವನಿ ಹೊರಡುವುದಿಲ್ಲ. ಮೊದಮೊದಲು ನಾಲ್ಕೈದು ಶಬ್ದ ಸಾಕು. ಮನೆಯವರೂ ಅವಸರಪಡಿಸದೆ, ಅವರ ಮಾತನ್ನು ತಾವೇ ಮುಗಿಸದೆ ಕಾಯಬೇಕು. ಇದು ಔಷಧಿಯಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ.

ಇನ್ನು ಶುಚಿ ಮಾಡುವ ಕೆಲಸ. ಮುಂಜಾನೆ ಮತ್ತು ರಾತ್ರಿ, ಸಾಧ್ಯವಿದ್ದರೆ ಊಟವಾದ ಮೇಲೂ ಮಾಡಿರಿ. ಕೈಗಳನ್ನು ಸಾಬೂನಿನಿಂದ ತೊಳೆದು, ಬೆಳಕಿನಲ್ಲಿ ಕನ್ನಡಿಯ ಮುಂದೆ ಕೂಡಿರಿ. ಮೊದಲು ಕೆಮ್ಮಿ, ರಂಧ್ರದ ಸುತ್ತಲಿನ ಕಫವನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಆಸ್ಪತ್ರೆಯಲ್ಲಿ ಕೊಟ್ಟ ಸಣ್ಣ ಬ್ರಷ್ಷನ್ನು ಕಾಸಿ ಆರಿಸಿದ ನೀರಿನಲ್ಲಿ ಅದ್ದಿ, ನೀರು ಹನಿಯದಂತೆ ಚೆನ್ನಾಗಿ ಝಾಡಿಸಿರಿ. ಹನಿ ಒಳಗೆ ಬಿದ್ದರೆ ಪುಪ್ಪುಸಕ್ಕೇ ಇಳಿಯುತ್ತದೆ. ಬ್ರಷ್ಷನ್ನು ವಾಲ್ವಿನೊಳಗೆ ಮೆಲ್ಲಗೆ ತೂರಿಸಿ, ತಿರುವುತ್ತ ಹಿಂದೆ ಮುಂದೆ ಆಡಿಸಿ ತೆಗೆಯಿರಿ. ಒರೆಸಿ ಮತ್ತೆ ಹಾಕಿರಿ. ಬ್ರಷ್ಷು ಸ್ವಚ್ಛವಾಗಿ ಹೊರಬರುವವರೆಗೆ ಹೀಗೆ ಮಾಡಿ, ಆಮೇಲೆ ಅದನ್ನು ತೊಳೆದು ಒಣಗಿಸಿ ಇಡಿರಿ. ಕಸಬರಿಗೆಯ ಕಡ್ಡಿ, ಬೆಂಕಿಕಡ್ಡಿ, ಪಿನ್ನು, ಹತ್ತಿ ಸುತ್ತಿದ ಕಡ್ಡಿ, ಇವು ಯಾವುವೂ ಕೂಡದು. ಮುರಿದ ತುಂಡು ಶ್ವಾಸನಾಳಕ್ಕೆ ಬಿದ್ದರೆ ಪ್ರಾಣಕ್ಕೇ ಅಪಾಯ.

ನೀರು ಕುಡಿದ ಕೂಡಲೇ ಕೆಮ್ಮು ಬರುತ್ತಿದೆಯೇ? ವಾಲ್ವು ಸೋರುತ್ತಿರಬಹುದು. ಒಂದು ಗುಟುಕು ಹಾಲು ಕುಡಿದು, ಮನೆಯವರಿಂದ ಬ್ಯಾಟರಿ ಹಿಡಿಸಿ ನೋಡಿರಿ. ಬಿಳಿ ಹನಿ ವಾಲ್ವಿನ ನಡುವಿನಿಂದ ಬಂದರೆ ಬಾಯಿಗೆ ಏನೋ ಸಿಕ್ಕಿದೆ. ಶುಚಿ ಮಾಡಿ ಇನ್ನೊಮ್ಮೆ ನೋಡಿರಿ. ಆಗಲೂ ನಿಲ್ಲದಿದ್ದರೆ ಬದಲಿಸುವ ಕಾಲ ಬಂದಿದೆ. ವಾಲ್ವಿನ ಅಂಚಿನ ಸುತ್ತಲಿಂದ ಬಂದರೆ ಅಳತೆ ಸರಿಯಿಲ್ಲ, ಬ್ರಷ್ಷಿನಿಂದ ಆಗುವ ಕೆಲಸವಲ್ಲ. ಎರಡರಲ್ಲೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಹೋಗಿರಿ. "ಸುಗ್ಗಿ ಮುಗಿಯಲಿ" ಎಂದು ಮುಂದೂಡಿದರೆ ಅನ್ನ ನೀರು ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ವಾಲ್ವು ಕಳಚಿ ಬಿದ್ದರೆ ತಡಮಾಡಲೇಬಾರದು. ತೂತು ಕೆಲವು ತಾಸುಗಳಲ್ಲೇ ಮುಚ್ಚಲು ತೊಡಗುತ್ತದೆ. ವೈದ್ಯರು ಕೊಟ್ಟ ರಬ್ಬರ್ ನಳಿಗೆಯನ್ನು, ಅವರು ಕಲಿಸಿದ್ದರೆ ಮಾತ್ರ, ತೂತಿನಲ್ಲಿ ಇಟ್ಟು ಅಂದೇ ಹೊರಡಿರಿ. ಬಿದ್ದ ವಾಲ್ವು ಸಿಗದಿದ್ದರೆ ಅದು ಶ್ವಾಸನಾಳದೊಳಗೆ ಹೋಗಿರಬಹುದು. ಡೋಣಿಯವರು ಮೊದಲು ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮುಟ್ಟಲಿ.

ಕಪ್ಪತಗುಡ್ಡದ ಕಡೆಯ ಗಾಳಿ ನಿಮಗೆ ಹೇಳಬೇಕಾದ್ದಿಲ್ಲ. ಮೂಗು ಸೋಸುತ್ತಿದ್ದ ಧೂಳು ಈಗ ನೇರವಾಗಿ ಒಳಗೆ ಹೋಗುತ್ತದೆ. ಜೋಳದ ರಾಶಿ ತೂರುವಾಗ, ಶೇಂಗಾ ಬಡಿಯುವಾಗ, ಮೆಣಸಿನಕಾಯಿ ತುಂಬುವಾಗ ದೂರವಿರಿ. ಹೊರಗೆ ಹೋಗುವಾಗ ತೆಳ್ಳನೆಯ ಅರಿವೆಯನ್ನು ನೀರಲ್ಲಿ ಹಿಂಡಿ ರಂಧ್ರದ ಮುಂದೆ ಸಡಿಲಾಗಿ ಕಟ್ಟಿಕೊಳ್ಳಿರಿ. ಔಷಧಿ ಸಿಂಪಡಿಸುವ ಕೆಲಸ ಮಕ್ಕಳಿಗಿರಲಿ, ಎಂದರೆ ದೊಡ್ಡ ಮಕ್ಕಳಿಗೆ, ಅವರೂ ಮುಖ ಕಟ್ಟಿಕೊಂಡೇ. ಕೆರೆ ಹೊಳೆಯಲ್ಲಿ ಇಳಿಯಬೇಡಿರಿ. ಎದೆಮಟ್ಟದ ನೀರಿನಲ್ಲಿ ಕಾಲು ಜಾರಿದರೂ ರಂಧ್ರದಿಂದ ನೀರು ನುಗ್ಗುತ್ತದೆ.

ನೆರೆಯವರಿಗೂ ಒಂದು ಮಾತು. ಇಂಥವರು ಹೊಲದಲ್ಲಿ ಎಚ್ಚರತಪ್ಪಿ ಬಿದ್ದರೆ ಬಾಯಿಯಿಂದ ಉಸಿರು ಕೊಟ್ಟು ಫಲವಿಲ್ಲ. ಕೊರಳ ಅರಿವೆಯನ್ನು ಬಿಚ್ಚಿ, ರಂಧ್ರದ ಕಫವನ್ನು ಒರೆಸಿ, ಆ ರಂಧ್ರದಿಂದಲೇ ಉಸಿರು ಕೊಡಬೇಕು. "ನಾನು ಕೊರಳಿನಿಂದ ಉಸಿರಾಡುತ್ತೇನೆ" ಎಂದು ಬರೆದ ಚೀಟಿಯೊಂದು ಅವರ ಅಂಗಿಯ ಕಿಸೆಯಲ್ಲಿ ಸದಾ ಇರಲಿ.